ಕೊಕ್ಕೆ

ಫ್ರಿಜ್ಜು ಮತ್ತೆ ಸುಮ್ಮನಾಯಿತು. ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದವಳು ಕೈಯಲ್ಲಿದ್ದ ಅಮ್ಮನ ಹೊದಿಕೆಯನ್ನು ಬಕೆಟ್ಟಿಗೆ ಬಿಟ್ಟು ಅಡುಗೆಮನೆಗೆ ಬಂದು ಅದರ ಮಗ್ಗುಲಿಗೆ ಒದ್ದೆ ಅಂಗೈ ಇಟ್ಟಳು. ನಡುಕವಿಲ್ಲ, ಸದ್ದಿಲ್ಲ. ತಾನು ಬಾಗಿಲಿಗೆ ಬಂದೊಡನೆ ಮಾತು ನಿಲ್ಲಿಸಿಬಿಡುವ ಜನರ ಹಾಗೆ ನಿಂತಿತ್ತು ಅದು. ಅಕ್ಕನ ಮನೆಯಲ್ಲಿ ಆರು ವರ್ಷ ಈ ಬಗೆಯ ಮೌನವನ್ನು ಕೇಳಿ ಕೇಳಿ ಅವಳಿಗೆ ಅದರ ಗುರುತು ಚೆನ್ನಾಗಿ ಸಿಕ್ಕಿತ್ತು. ಅಕ್ಕ, ಭಾವ ಊಟದ ಮೇಜಿನ ಹತ್ತಿರ ಏನೋ ಹೇಳಿಕೊಳ್ಳುತ್ತಿರುತ್ತಾರೆ, ಇವಳು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಭಾವ ಲೋಟವೆತ್ತಿ ನೀರು ಕುಡಿಯತೊಡಗುತ್ತಾರೆ. ಯಾರೂ ಏನೂ ಅಂದವರಲ್ಲ. ಕಷ್ಟವಿದ್ದದ್ದೇ ಅಲ್ಲಿ. ಅಂದಿದ್ದರೆ ಹಿಡಿದುಕೊಂಡು ಅಳುವುದಕ್ಕೆ ಒಂದು ಮಾತಾದರೂ ಇರುತ್ತಿತ್ತು. ನಡುಮನೆಯಲ್ಲಿ ಸೋಫಾದ ಹಿಂದೆ ಹಾಸಿದ ಹಾಸಿಗೆಯ ಮೇಲೆ ಅಮ್ಮ, ಹೋಗಿಬರುವ ಎಲ್ಲರಿಗೂ ಕಾಲು ಮಡಚಿ ದಾರಿ ಬಿಡುತ್ತ, ಯಾರೂ ನಗದ ಕಡೆ ತಾನೊಬ್ಬಳೇ ನಗುತ್ತ ಕೂತಿರುತ್ತಿದ್ದಳು. ಇಂದು ನಾಲ್ಕು ಗಂಟೆಗೆ ಅಕ್ಕ ಬರುತ್ತಾಳೆ. ಕೈಯಲ್ಲಿ ಖಾಲಿ ಚೀಲ ಹಿಡಿದುಕೊಂಡೇ ಬರುತ್ತಾಳಂತೆ. "ಮನೆ ನೋಡ್ತೀನಿ. ಎಲ್ಲಾ ಸರಿಯಾಗಿದ್ರೆ ಸರಿ, ಇಲ್ದಿದ್ರೆ ಅಮ್ಮನ ಬಟ್ಟೆ ತುಂಬ್ಕೊಂಡು ಕರ್ಕೊಂಡು ಬಂದ್ಬಿಡ್ತೀನಿ. ಅಮ್ಮನ ಆರೋಗ್ಯದ ವಿಷಯದಲ್ಲಿ ನಿನ್ನ ಹಟ ನಡೆಯಲ್ಲ ಸಣ್ಣಿ" ಅಂದಿದ್ದಳು.

ಎಲ್ಲಾ ಸರಿಯಾಗಿದೆ ಎಂದು ಇವಳು, ಅಮ್ಮನೊಡನೆ ಈ ಬಾಡಿಗೆ ಮನೆಗೆ ಬಂದ ಹತ್ತೊಂಬತ್ತು ದಿನದಿಂದ, ಫೋನಿನಲ್ಲಿ ಹೇಳುತ್ತ ಬಂದಿದ್ದಳು. ಸುಳ್ಳು ಹೇಳುವಾಗ ಮಾತು ತನಗೇ ಅಚ್ಚರಿಯಾಗುವಷ್ಟು ಸಲೀಸಾಗಿ ಬರುತ್ತಿತ್ತು, ನಿಜ ಹೇಳಹೊರಟಾಗಲೇ ಪದ ಹುಡುಕಬೇಕಾಗುತ್ತಿದ್ದದ್ದು. ಫ್ರಿಜ್ಜು ಗುರ್ ಅನ್ನುತ್ತದೆ, ತಣ್ಣಗಾಗುವುದಿಲ್ಲ. ವಾಷಿಂಗ್ ಮಷೀನು ತಿರುಗತೊಡಗಿದರೆ ಜಾಗ ಬಿಟ್ಟು ಬಚ್ಚಲ ಬಾಗಿಲವರೆಗೆ ನಡೆದು ಬರುತ್ತದೆ, ಹೊಟ್ಟೆಯಲ್ಲಿರುವ ನೀರನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಗೀಸರು ಹಾಕಿದಾಗ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಅಮ್ಮ ಮರೆತು ಒತ್ತಿಬಿಟ್ಟಾಳೆಂದು ಅದರ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಾಕುವ ಬಿಳಿ ಪಟ್ಟಿ ಅಂಟಿಸಿದ್ದಳು. ಇವೆಲ್ಲ ಹೇಗೋ ಸಾಗುತ್ತಿತ್ತು. ನೀರನ್ನು ಒಲೆಯ ಮೇಲೆ ಕಾಯಿಸಬಹುದು, ಬಟ್ಟೆಗೆ ಎರಡು ಕೈಯಿದೆ. ಅಮ್ಮನ ಇನ್ಸುಲಿನ್ನಿಗೆ ಮಾತ್ರ ತಂಪು ಬೇಕು. ಮೊದಲ ನಾಲ್ಕು ದಿನ ಅದರ ಪುಟ್ಟ ಬಾಟಲಿಯನ್ನು ಈ ಫ್ರಿಜ್ಜಿನಲ್ಲೇ ಇಟ್ಟಿದ್ದಳು, ನಾಳೆ ರಿಪೇರಿಯವರು ಬರುತ್ತಾರೆ, ನಾಳೆ ಬಂದೇ ಬರುತ್ತಾರೆ ಎಂದುಕೊಂಡು. ಐದನೆಯ ದಿನ ಅಮ್ಮ ಕೂತಲ್ಲೇ ತೂಕಡಿಸಿದಳು, ಎಷ್ಟು ಕುಡಿದರೂ ನೀರು ನೀರು ಅಂದಳು. ಅಂದಿನಿಂದ ಹೊಸ ಬಾಟಲಿ ಬೀದಿ ಕೊನೆಯ ಮೆಡಿಕಲ್ ಅಂಗಡಿಯವನ ಫ್ರಿಜ್ಜಿನಲ್ಲಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಓಡಿಹೋಗಿ ತಂದು, ಅಮ್ಮನಿಗೆ ಚುಚ್ಚಿ, ಮತ್ತೆ ಕೊಟ್ಟು ಬರುವುದು. ಮೊದಮೊದಲು ಪರವಾಗಿಲ್ಲ ಬಿಡಮ್ಮ ಎನ್ನುತ್ತಿದ್ದ ಅಂಗಡಿಯವ ಈಗೀಗ ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಇವಳು ನಿಂತದ್ದನ್ನು ಕಾಣುತ್ತಲೇ ಇರಲಿಲ್ಲ. ಅವಳು ಒಂದು ಮೂಲೆಯಲ್ಲಿ, ಏನೋ ಕೊಳ್ಳುವವಳ ಹಾಗೆ ಸೋಪುಗಳ ಮೇಲಿನ ಹೆಸರು ಓದುತ್ತ ನಿಲ್ಲುತ್ತಿದ್ದಳು.

ನಿನ್ನೆ ಕೊನೆಗೂ ಮನೆಯ ಒಡತಿಗೆ ಫೋನು ಮಾಡಿದ್ದಳು. ಒಡತಿ ಇರುವುದು ಕೆಳಗಿನ ಮಹಡಿಯಲ್ಲೇ, ಹದಿನೆಂಟು ಮೆಟ್ಟಿಲು. ಆದರೂ ಇಳಿದುಹೋಗಿ ಎದುರು ನಿಲ್ಲುವುದಕ್ಕಿಂತ ಫೋನೇ ವಾಸಿ ಅನ್ನಿಸಿ, "ಮೇಡಂ, ಫ್ರಿಜ್ ನಡೀತಿಲ್ಲ" ಎಂಬ ಮೂರು ಪದವನ್ನು ಬಾಯಿಪಾಠ ಮಾಡಿಕೊಂಡು ಹೇಳಿದ್ದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ, ಮೆಕ್ಯಾನಿಕ್ಕನ್ನು ಕಳಿಸುತ್ತೇನೆ ಎಂದರು. ಅದರಲ್ಲಿ ಸಿಟ್ಟಿತ್ತೋ ಬೇಸರವಿತ್ತೋ ತಿಳಿಯದೆ, ಆ ಚೂರು ಮೌನವನ್ನೇ ಅವಳು ನಿನ್ನೆಯಿಂದ ಮತ್ತೆ ಮತ್ತೆ ತಿರುವಿ ನೋಡುತ್ತಿದ್ದಳು, ಅಂಗಿಯ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

ಮೆಕ್ಯಾನಿಕ್ಕು ಹನ್ನೊಂದೂವರೆಗೆ ಬಂದ. ದಪ್ಪ ಹೊಟ್ಟೆಯ, ಎಲೆಕ್ಟ್ರಿಕ್ ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡ ಆಸಾಮಿ. ಫ್ರಿಜ್ಜಿನ ಬಾಗಿಲು ತೆರೆದು ತಲೆ ಒಳಗಿಟ್ಟ. ಅಕ್ಕ ಬಾಗಿಲು ತೆರೆದರೆ ತುಂಬಿದ ಹಾಗೆ ಕಾಣಲಿ ಎಂದು ಬೆಳಗ್ಗೆಯೇ ಜೋಡಿಸಿದ್ದ ಹಾಲು, ಕ್ಯಾರೆಟ್ಟು, ಸಾಲಾಗಿ ನಿಲ್ಲಿಸಿದ ನೀರಿನ ಬಾಟಲಿಗಳನ್ನು ಅವನು ಒಂದೊಂದಾಗಿ ನೋಡಿದಾಗ, ಯಾರೋ ತನ್ನ ಒಳಬಟ್ಟೆಗಳ ಮೂಟೆ ಬಿಚ್ಚಿದಂತೆ ಅವಳ ಮುಖ ಬಿಸಿಯಾಯಿತು. "ಇದು ಫ್ರಿಜ್ ಅಲ್ಲ ಕಣಮ್ಮ, ಬೀರು. ಬಟ್ಟೆ ಮಡಚಿಡಿ, ಚೆನ್ನಾಗಿರುತ್ತೆ" ಎಂದು ತಾನೇ ನಕ್ಕ. ಗ್ಯಾಸು ಯಾವ ಕಾಲದಲ್ಲೋ ಸೋರಿಹೋಗಿದೆ, ವರ್ಷದ ಮೇಲಾಗಿರಬೇಕು ಎಂದು, ಹಿಂದಿನ ಕೊಳವೆಗೆ ಬೆರಳು ತಾಗಿಸಿ ಮೂಸಿ ಹೇಳಿದ. ಅವಳಿಗೆ ಎದೆಯಿಂದ ಏನೋ ಇಳಿದಂತಾಯಿತು. ವರ್ಷದ ಮೇಲೆ, ಅಂದರೆ ತಾವು ಬರುವ ಎಷ್ಟೋ ಮುಂಚೆ. ಆ ಧೈರ್ಯಕ್ಕೆ ಗೀಸರು, ವಾಷಿಂಗ್ ಮಷೀನೂ ಕೆಟ್ಟಿವೆ ಎಂದಳು. ಅಷ್ಟರಲ್ಲಿ ಅವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಮನೆಗೆ ಬಂದ ದಿನ ಗುರುತು ಹಾಕಿ ಕೊಟ್ಟ ಸಾಮಾನಿನ ಲಿಸ್ಟು ಮೊದಲು ನೋಡು ಎಂದು ಮೇಡಂ ಹೇಳಿ ಕಳಿಸಿದ್ದರಂತೆ.

"ರೈಟ್ ಹಾಕಿದ್ದೀರಲ್ಲಮ್ಮ ನೀವೇ. ಫ್ರಿಜ್ಜಿಗೆ ರೈಟ್, ಗೀಸರಿಗೆ ರೈಟ್, ವಾಷಿಂಗ್ ಮಷೀನಿಗೆ ರೈಟ್. ಬಂದಾಗ ಚೆನ್ನಾಗಿತ್ತು ಅಂತ ಬರ್ಕೊಟ್ಟು, ಮೂರು ವಾರದಲ್ಲಿ ಮೂರೂ ಕೆಡಿಸ್ಕೊಂಡ್ರಾ?"

ಅವಳು ಕಾಗದ ನೋಡಿದಳು. ಹದಿಮೂರು ಸಾಮಾನು, ಒಂದೊಂದರ ಮುಂದೆ ಒಂದೊಂದು ಚೌಕ. ಮೂರು ಚೌಕದಲ್ಲಿ ಅವಳದೇ ಕೈಯ ಗುರುತು, ಕೆಳಗೆ ಸಣ್ಣಗೆ ಇಳಿದು ಮೇಲಕ್ಕೆ ಉದ್ದಕ್ಕೆ ಎಳೆದದ್ದು. ಬೆರಳಿಟ್ಟು ಮೂರನ್ನೂ ಮತ್ತೊಮ್ಮೆ ನೋಡಿದಳು. ಅದು ರೈಟ್ ಅಲ್ಲ. ಅದು ಕೊಕ್ಕೆ.

ಏಳು ವರ್ಷದಿಂದ ಅವಳು ಹೊಲಿಗೆ ಕಾರ್ಖಾನೆಯ ಚೆಕಿಂಗ್ ಮೇಜಿನಲ್ಲಿ ನಿಲ್ಲುತ್ತಾಳೆ. ಎಡಗಡೆಯಿಂದ ಅಂಗಿಗಳು ಬರುತ್ತವೆ, ಅವಳು ಕಾಲರಿನಿಂದ ಹಿಡಿದು ಅಂಚಿನವರೆಗೆ ಬೆರಳಾಡಿಸುತ್ತಾಳೆ, ದಾರ ಬಿಟ್ಟ ಕಡೆ, ಗುಂಡಿ ವಾಲಿದ ಕಡೆ ಚಪ್ಪಟೆ ಸೀಮೆಸುಣ್ಣದಿಂದ ಒಂದು ಕೊಕ್ಕೆ ಹಾಕುತ್ತಾಳೆ. ಚೆನ್ನಾಗಿರುವುದಕ್ಕೆ ಏನೂ ಹಾಕುವಂತಿಲ್ಲ, ಚೆನ್ನಾಗಿರುವುದನ್ನು ಕೊಳೆ ಮಾಡಬಾರದು. ಕೊಕ್ಕೆ ಬಿದ್ದದ್ದು ತಾನಾಗಿಯೇ ಹಿಂದಕ್ಕೆ ಹೋಗುತ್ತದೆ, ಯಾರ ಕೈಯಲ್ಲಿ ಕೆಟ್ಟಿತೋ ಅವರ ಮಷೀನಿನ ಹತ್ತಿರ. ಅವಳು ಯಾರಿಗೂ ಏನೂ ಹೇಳಬೇಕಾಗಿಲ್ಲ. ಬೇರೆ ಹುಡುಗಿಯರು ಆ ಮೇಜು ಬೇಸರ ಎನ್ನುತ್ತಾರೆ, ಇವಳಿಗೆ ಮಾತ್ರ ಲೋಕದಲ್ಲಿ ತನಗೆಂದೇ ಮಾಡಿಟ್ಟ ಜಾಗ ಅದು, ಬಾಯಿ ತೆರೆಯದೆ ನಿಜ ಹೇಳಬಹುದಾದ ಜಾಗ. ಮನೆಯ ಒಡತಿ ಪಟ್ಟಿ ಕೈಗಿತ್ತು "ಎಲ್ಲಾ ನೋಡ್ಕೊಂಡು ಗುರುತು ಹಾಕಿ ಕೊಡಮ್ಮ" ಅಂದಾಗ ಎಂಥ ಖುಷಿಯಾಗಿತ್ತು. ಇಡೀ ಮಧ್ಯಾಹ್ನ ಕೂತು ಒಂದೊಂದು ನಲ್ಲಿ ತಿರುಗಿಸಿ, ಒಂದೊಂದು ಸ್ವಿಚ್ಚು ಒತ್ತಿ, ಸ್ಟೌವಿನ ಎರಡೂ ಬರ್ನರು ಹಚ್ಚಿ ನೋಡಿ, ಮೂರಕ್ಕೆ ಗುರುತು ಹಾಕಿ ಕೊಟ್ಟಿದ್ದಳು. ಆಮೇಲೆ ಕಾದಳು. ಹೇಳಿಯಾಯಿತಲ್ಲ, ಇನ್ನು ತಾನಾಗಿಯೇ ಆಗುತ್ತದೆ. ನಾಲ್ಕು ದಿನ ಅಮ್ಮನಿಗೆ ಕೆಟ್ಟ ಔಷಧಿ ಚುಚ್ಚಿದ್ದು ಆ ಭರವಸೆಯಲ್ಲಿ. ಆಮೇಲಿನ ದಿನಗಳಲ್ಲಿ ಒಡತಿ ಮೆಟ್ಟಿಲ ಮೇಲೆ ಎದುರಾಗಿ ನಕ್ಕಾಗಲೆಲ್ಲ, ಗೊತ್ತಿದ್ದೂ ಮಾಡಿಸುತ್ತಿಲ್ಲ, ಎಷ್ಟು ಗಟ್ಟಿ ಹೆಂಗಸು ಎಂದು ಮನಸ್ಸಿನಲ್ಲೇ ಹಗೆ ಸಾಧಿಸಿದ್ದಳು. ಆ ಹೆಂಗಸು ಪಾಪ ಎಲ್ಲಾ ಸರಿಯಾಗಿದೆ ಎಂದುಕೊಂಡು ನಕ್ಕಿದ್ದು.

ಮೆಕ್ಯಾನಿಕ್ಕಿಗೆ ಇದನ್ನೆಲ್ಲ ಹೇಗೆ ಹೇಳುವುದು? ಗ್ಯಾಸು ವರ್ಷದ ಹಿಂದೆಯೇ ಹೋಗಿದೆ ಅಂತ ಮೇಡಂಗೆ ಹೇಳ್ತೀರಾ ಎಂದಷ್ಟೇ ಕೇಳಿದಳು. ಅವನು ಟೆಸ್ಟರನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ತನಗೆ ಇಪ್ಪತ್ತು ವರ್ಷದಿಂದ ಈ ಕಟ್ಟಡದ ಕೆಲಸ ಕೊಡುತ್ತಿರುವವರು ಮೇಡಂ, ಬಾಡಿಗೆಯವರು ಇಂದು ಬಂದು ನಾಳೆ ಹೋಗುವವರು, ನೀವೇ ಮಾತಾಡಿಕೊಳ್ಳಿ ಎಂದ. ಅದನ್ನು ಒರಟಾಗಿಯೇನೂ ಹೇಳಲಿಲ್ಲ. ಕಾಗದವನ್ನು ಮಡಚಿ ಕಟ್ಟೆಯ ಮೇಲೆ ಬಿಟ್ಟು ಹೋದ.

ಅಮ್ಮ ತನ್ನ ಕೋಣೆಯಿಂದ ಎದ್ದು ಬಂದು ಅವನೇನಂದ ಎಂದು ಕೇಳಿದಳು. ಆಗತ್ತಂತಮ್ಮ ಎಂದಳು ಇವಳು. ಅಮ್ಮನಿಗೆ ತಟ್ಟೆ ಹಾಕಿ ಎದುರು ಕೂತಳು. ಅಮ್ಮ ಈಗೀಗ ನಿಧಾನವಾಗಿ ಉಣ್ಣುತ್ತಿದ್ದಳು. ಅಕ್ಕನ ಮನೆಯಲ್ಲಿ ಯಾರೋ ಬಂದು ತಟ್ಟೆ ಎತ್ತಿಬಿಡುತ್ತಾರೆ ಎನ್ನುವ ಹಾಗೆ ಬೇಗಬೇಗ ನುಂಗುತ್ತಿದ್ದವಳು ಇಲ್ಲಿಗೆ ಬಂದ ಮೇಲೆ ಬೆಂದದ್ದು ಜಾಸ್ತಿಯಾಯಿತು, ಉಪ್ಪು ಕಡಿಮೆಯಾಯಿತು ಎಂದು ತಪ್ಪು ಹುಡುಕುವಷ್ಟು ಬೆಳೆದಿದ್ದಳು. ಇವತ್ತೂ ಉಪ್ಪಿನ ಡಬ್ಬಿ ಕೇಳಿ ಪಡೆದು, "ನಿನ್ನ ಗಂಡ ಆಗೋನು ಬಿಪಿ ಇರೋನೇ ಆಗಿರ್ಬೇಕು ನೋಡು, ಆಗ ಸರಿಹೋಗತ್ತೆ" ಎಂದು ಚುಚ್ಚಿದಳು. ಅಕ್ಕ ಚೀಲ ತರುವ ವಿಷಯ ಇವಳು ಹೇಳಿರಲಿಲ್ಲ. ಉಂಡು ಅಮ್ಮ ಮಲಗಲು ಹೋದ ಮೇಲೆ ಮನೆ ಸದ್ದಿಲ್ಲದಾಯಿತು. ಎರಡು ಗಂಟೆ. ಎರಡೂವರೆ. ಕಾಗದ ಕೈಯಲ್ಲಿ ಹಿಡಿದು ಬಾಗಿಲವರೆಗೆ ಹೋದಳು, ಬಂದಳು. ಒಂಬತ್ತು ಮೆಟ್ಟಿಲು ಇಳಿದು, ಕೆಳಗೆ ಯಾರೋ ಕೆಮ್ಮಿದ ಸದ್ದಿಗೆ ಮತ್ತೆ ಹತ್ತಿದಳು. ಎಂಟನೆಯ ಕ್ಲಾಸಿನಲ್ಲಿ ಒಮ್ಮೆ ಎದ್ದು ಪಾಠ ಓದು ಎಂದಿದ್ದರು. ಎದ್ದಳು, ಪುಸ್ತಕ ಬಿಡಿಸಿದಳು, ಅಕ್ಷರವೆಲ್ಲ ಕಾಣುತ್ತಿತ್ತು, ದನಿ ಬರಲಿಲ್ಲ. ಬಾಯಲ್ಲಿ ಕಡುಬಿದೆಯಾ ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು. ಗಂಟೆ ಹೊಡೆಯುವವರೆಗೆ ನಿಂತೇ ಇದ್ದಳು, ಕೂರು ಎನ್ನಲು ಟೀಚರು ಮರೆತಿದ್ದರು. ಮಾರನೆಯ ದಿನ ಹೋಗಲಿಲ್ಲ, ಆಮೇಲೆಯೂ ಹೋಗಲಿಲ್ಲ. ಹೊಟ್ಟೆನೋವು ಎಂದಿದ್ದಳು ಮನೆಯಲ್ಲಿ. ಅದೂ ಸಲೀಸಾಗಿ ಬಂದಿತ್ತು. ಕೊನೆಗೆ ಇವತ್ತು ಮೂರೂವರೆಗೆ, ಇನ್ನು ತಡೆದರೆ ಅಕ್ಕನೇ ಬಂದುಬಿಡುತ್ತಾಳೆ ಎನ್ನುವ ಹೆದರಿಕೆ ಒಡತಿಯ ಹೆದರಿಕೆಯನ್ನು ಮೀರಿದಾಗ, ಬಾಗಿಲು ಎಳೆದುಕೊಂಡು ಹದಿನೆಂಟೂ ಮೆಟ್ಟಿಲು ಇಳಿದು ಗಂಟೆ ಒತ್ತಿದಳು.

ಒಡತಿ ಹೈಸ್ಕೂಲಿನ ಹೆಡ್‌ಮಿಸ್ಸಾಗಿ ನಿವೃತ್ತರಾದವರು. ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದರು. ಒಳಗೆ ಕರೆದು ಮೇಜಿನ ಈಚೆ ನಿಲ್ಲಿಸಿಕೊಂಡು, ತಾವು ಆಚೆ ಕೂತರು. ಕೂರು ಎನ್ನಲಿಲ್ಲ. ಮೆಕ್ಯಾನಿಕ್ಕು ಎಲ್ಲ ಹೇಳಿದ್ದನಂತೆ. ಬಾಡಿಗೆಗೆ ಬಂದವರು ಸಾಮಾನು ಕೆಡಿಸುವುದು ತಮಗೆ ಹೊಸದಲ್ಲ, ಆದರೆ ಕೆಡಿಸಿ ಸುಳ್ಳು ಹೇಳುವುದು ಸೇರುವುದಿಲ್ಲ ಎಂದರು. ಅವಳು ಕಾಗದವನ್ನು ಮೇಜಿನ ಮೇಲಿಟ್ಟು ಅದರ ಮೂಲೆಯನ್ನು ಬೆರಳಿನಿಂದ ತೀಡುತ್ತ, ಅದು ರೈಟ್ ಅಲ್ಲ ಮೇಡಂ ಎಂದಳು.

"ಏನಂದೆ? ಜೋರಾಗಿ ಹೇಳು."

"ರೈಟ್ ಅಲ್ಲ. ಕೊಕ್ಕೆ. ನಮ್ಮ ಕಾರ್ಖಾನೇಲಿ ಕೆಟ್ಟಿದ್ದಕ್ಕೆ ಹಾಕ್ತೀವಿ."

ಒಡತಿ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು, ಕಾಗದವನ್ನಲ್ಲ. ಮೂವತ್ತನಾಲ್ಕು ವರ್ಷ ತಾವು ಹಾಕಿದ ರೈಟುಗಳನ್ನು ಸಾಲಾಗಿ ಇಟ್ಟರೆ ಈ ಬೀದಿ ದಾಟಿ ಆ ಬೀದಿಗೆ ಹೋಗುತ್ತದೆ, ರೈಟ್ ಅಂದರೆ ತಪ್ಪು ಎಂದು ಹೇಳಿಕೊಡಲು ಒಬ್ಬಳು ಹುಟ್ಟಿಬಂದಳಲ್ಲ ಎಂದರು. ಎಷ್ಟನೇ ಕ್ಲಾಸಿನವರೆಗೆ ಓದಿದ್ದೀಯೆಂದು ಕೇಳಿದರು. ಎಂಟು ಎಂದಳು. ಹ್ಞಾಂ ಎಂದರು ಅವರು, ಲೆಕ್ಕಕ್ಕೆ ಉತ್ತರ ಸಿಕ್ಕಿದವರ ಹಾಗೆ. ಅವಳ ಕಿವಿಯಲ್ಲಿ ಗುಂಯ್‌ಗುಟ್ಟತೊಡಗಿತು. ಹೋಗಿಬಿಡಬೇಕು ಅನ್ನಿಸಿತು. ಹೊಟ್ಟೆನೋವು ಎಂದು ಹೇಳಿಬಿಡಬಹುದು. ಆದರೆ ಬೆರಳು ಮಾತ್ರ ಅದರ ಪಾಡಿಗೆ ಪಟ್ಟಿಯ ಮೇಲೆ ಇಳಿಯುತ್ತಿತ್ತು, ಕಾಲರಿನಿಂದ ಅಂಚಿನವರೆಗೆ ಇಳಿಯುವ ಹಾಗೆ, ಒಂದು ಕಡೆ ನಿಂತಿತು.

"ಸ್ಟೌವಿಗೆ ನಾನ್ಯಾಕೆ ಹಾಕಿಲ್ಲ ಮೇಡಂ? ಫ್ಯಾನಿಗೆ, ಮಂಚಕ್ಕೆ? ಹತ್ತು ಚೌಕ ಖಾಲಿ ಇದೆ. ರೈಟ್ ಅಂದ್ರೆ ಚೆನ್ನಾಗಿದೆ ಅಂತಾದ್ರೆ, ನಿಮ್ಮ ಸ್ಟೌವು ಕೆಟ್ಟಿತ್ತಾ?"

ಒಡತಿ ಈಗ ಕಾಗದ ನೋಡಿದರು. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ. ಕೆಳಗೆ ಅವರದೇ ಸಹಿಯಿತ್ತು, ಸಾವಿರಾರು ಪುಸ್ತಕಗಳ ಕೊನೆಯಲ್ಲಿ ಹಾಕಿ ಹಾಕಿ ಪಳಗಿದ, ಒಂದೇ ಎಳೆತದ ಸಹಿ. ಓದದೆ ಹಾಕಿದ್ದೆಂದು ಇಬ್ಬರಿಗೂ ಗೊತ್ತಾಯಿತು. ಅವರ ಕೆನ್ನೆಯ ಮೇಲೆ ಸಣ್ಣ ಕೆಂಪು ಏರಿದ್ದನ್ನು ಕಂಡು ಅವಳಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಇವರಿಗೂ ಹೀಗಾಗುತ್ತದೆಯೇ ಎಂದು ಗಾಬರಿಯಾಯಿತು. ಅವರು ಬೇಗ ಸಾವರಿಸಿಕೊಂಡರು. ಸರಿ, ಮಾಡಿಸಿಕೊಡುತ್ತೇನೆ, ಆದರೆ ಕಾಗದದಲ್ಲಿ ಇರುವುದು ಕಾಗದದಲ್ಲೇ ತಿದ್ದಬೇಕು ಎಂದು ಒಂದು ಖಾಲಿ ಹಾಳೆ ಮುಂದೆ ತಳ್ಳಿದರು. "ತಿಳಿಯದೆ ತಪ್ಪು ಗುರುತು ಹಾಕಿದ್ದೇನೆ ಅಂತ ಬರ್ದುಕೊಡು. ಅಷ್ಟು ಸಾಕು."

"ಕೊಡಿ ಮೇಡಂ, ನಾನು ಬರೀತೀನಿ."

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಮೇಲೆ ಹತ್ತುತ್ತಿದ್ದವಳು ತಂಗಿಯ ಚಪ್ಪಲಿ ಇಲ್ಲಿ ಕಂಡು ನಿಂತಿರಬೇಕು, ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದಳೋ. ಮಡಚಿದ ಚೀಲ ಕಂಕುಳಲ್ಲಿತ್ತು. ಒಳಗೆ ಬಂದವಳು ಒಡತಿಗೆ ನಗುತ್ತ, ಇವಳು ಮೊದಲಿನಿಂದಲೂ ಹೀಗೇ ಮೇಡಂ, ಕೈ ಚುರುಕು, ತಿಳುವಳಿಕೆ ಅಷ್ಟಕ್ಕಷ್ಟೇ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಅಷ್ಟೂ ಪ್ರೀತಿಯಿಂದಲೇ ಹೇಳಿದ್ದು. ಜ್ವರದಲ್ಲಿ ತನ್ನ ತಲೆ ಬಾಚಿದ್ದೂ ಈ ಕೈಯೇ, ಶಾಲೆ ಬಿಟ್ಟಾಗ ಅಪ್ಪನ ಏಟಿಗೆ ಅಡ್ಡ ಬಂದದ್ದೂ ಈ ಕೈಯೇ. ಆ ಕೈ ಈಗ ಪೆನ್ನು ಎತ್ತಿಕೊಂಡು, ದುಂಡಗಿನ ಅಕ್ಷರದಲ್ಲಿ ನನ್ನ ತಂಗಿ ಎಂದು ಶುರುಮಾಡಿತು. ಮುಂದಿನ ಪದ 'ತಿಳಿಯದೆ' ಎಂದು ಇವಳಿಗೆ ಗೊತ್ತಿತ್ತು. ಆ ಒಂದು ಪದ ಬಿದ್ದರೆ ಫ್ರಿಜ್ಜು ತಣ್ಣಗಾಗುತ್ತದೆ, ಗೀಸರು ಸರಿಹೋಗುತ್ತದೆ, ಅಮ್ಮ ಮಾತ್ರ ಈ ಮನೆಯಲ್ಲಿರುವುದಿಲ್ಲ. ಸರಿಯೋ ತಪ್ಪೋ ತಿಳಿಯದವಳ ಕೈಯಲ್ಲಿ ಸೂಜಿ ಕೊಟ್ಟು ಅಮ್ಮನನ್ನು ಬಿಡುವವರು ಯಾರು?

ಅವಳು ಅಕ್ಕನ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡಳು. ಕಿತ್ತುಕೊಂಡಂತೆ ಕಾಣಬಾರದೆಂದು ಮೆಲ್ಲಗೆ, ಆದರೆ ಬಿಡದೆ. ಹಾಳೆ ತಿರುವಿ ಹಿಂಬದಿಯಲ್ಲಿ ಬರೆಯತೊಡಗಿದಳು. ಬರೆಯದೆ ವರ್ಷಗಳಾಗಿತ್ತು. ಅಕ್ಷರ ಒಂದೊಂದೂ ಬೇರೆ ಬೇರೆ ಕಡೆಗೆ ವಾಲಿಕೊಂಡು ಬಂತು. ಮನೆಗೆ ಬಂದ ದಿನವೇ ಹದಿಮೂರು ಸಾಮಾನನ್ನೂ ನೋಡಿದ್ದೇನೆ. ಫ್ರಿಜ್ಜು, ಗೀಸರು, ವಾಷಿಂಗ್ ಮಶಿನು ಕೆಟ್ಟಿದ್ದವು. ಅದಕ್ಕೇ ಗುರುತು ಹಾಕಿದ್ದೇನೆ. ತಿಳಿದೇ ಹಾಕಿದ್ದೇನೆ. ಆಮೇಲೆ ಬಂದು ಕೇಳದೆ ಸುಮ್ಮನಿದ್ದದ್ದು ನನ್ನ ತಪ್ಪು. ಹೆಸರು ಬರೆದು ಹಾಳೆಯನ್ನು ಒಡತಿಯ ಕಡೆ ತಿರುಗಿಸಿದಳು. ಅಕ್ಕ ಬಾಗಿ ಓದಿದಳು, ಚೀಲವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದಳು.

ಒಡತಿ ತುಂಬ ಹೊತ್ತು ಓದಿದರು. ಹರಿದುಹಾಕುತ್ತಾರೆ ಎಂದುಕೊಂಡಳು. ಅವರು ಪೆನ್ನು ಕೇಳಿ ತೆಗೆದುಕೊಂಡು, ಮಶಿನು ಎಂಬುದರ ಶಿ ಅಳಿಸಿ ಷೀ ಮಾಡಿದರು. ಒಮ್ಮೆ ಎಲ್ಲವನ್ನೂ ಮತ್ತೆ ಓದಿ, ಈ ಸಲ ನಿಧಾನವಾಗಿ, ಪೂರ್ತಿ ಹೆಸರು ಬಿಡಿಸಿ ಸಹಿ ಹಾಕಿದರು. ನಾಳೆಯೇ ಕಳಿಸುತ್ತೇನೆ, ಗೀಸರು ಮುಟ್ಟಬೇಡಿ ಎಂದರು. ಎದ್ದು ಬಾಗಿಲವರೆಗೆ ಬಂದರು.

ಮೆಟ್ಟಿಲು ಹತ್ತುವಾಗ ಅವಳು ಮುಂದೆ, ಅಕ್ಕ ಹಿಂದೆ. ಮುಖ ಕಾಣದಿದ್ದುದರಿಂದ ಹೇಳುವುದು ಸಾಧ್ಯವಾಯಿತು. ಎಲ್ಲಾ ಸರಿಯಿದೆ ಎಂದದ್ದು ಸುಳ್ಳು, ಮೊದಲ ದಿನದಿಂದಲೂ ಸುಳ್ಳು. ನಾಲ್ಕು ದಿನ ಕೆಟ್ಟ ಇನ್ಸುಲಿನ್ ಕೊಟ್ಟೆ. ಈಗ ಅದು ಮೆಡಿಕಲ್ ಅಂಗಡಿಯ ಫ್ರಿಜ್ಜಿನಲ್ಲಿರುತ್ತದೆ, ಎರಡು ಹೊತ್ತೂ ಹೋಗಿ ತರುತ್ತೇನೆ, ಸಕ್ಕರೆ ಈಗ ಹತೋಟಿಯಲ್ಲಿದೆ, ರಕ್ತಪರೀಕ್ಷೆಯ ಚೀಟಿಯಿದೆ, ತೋರಿಸುತ್ತೇನೆ. ಹಿಂದಿನಿಂದ ಮೆಟ್ಟಿಲು ತುಳಿಯುವ ಸದ್ದು ಬರುತ್ತಲೇ ಇತ್ತು. ಅಮ್ಮನನ್ನು ಕಳಿಸಲ್ಲ ಅಕ್ಕ ಎಂದಳು. ದನಿ ಒಡೆಯಿತು, ಆದರೆ ಬಂತು.

"ಅದನ್ನ ಅಮ್ಮ ಹೇಳ್ಲಿ" ಎಂದಳು ಅಕ್ಕ.

ಮನೆಯೊಳಗೆ ಅಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಅಕ್ಕ ತಳ್ಳಿದಳು. ತೆರೆಯಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಅಕ್ಕ ಇವಳ ಮುಖ ನೋಡಿದಳು, ಸಕ್ಕರೆ ಕಾಯಿಲೆಯವರನ್ನು ಚಿಲಕ ಹಾಕಿಕೊಂಡು ಮಲಗಲು ಬಿಟ್ಟಿದ್ದೀಯಾ ಎನ್ನುವ ಹಾಗೆ. ಇವಳಿಗೂ ಗೊತ್ತಿರಲಿಲ್ಲ. ಇವಳು ಹಗಲು ಮನೆಯಲ್ಲಿ ಇರುವುದೇ ಅಪರೂಪ. ಅಕ್ಕ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿದಳು. ಬೆಳಗಿನ ಚುಚ್ಚುಮದ್ದು ಎಷ್ಟು ಹಾಕಿದೆ, ಗೆರೆ ಸರಿಯಾಗಿ ನೋಡಿದೆನೇ, ಮೆಕ್ಯಾನಿಕ್ಕು ಬರುತ್ತಾನೆಂಬ ಗಡಿಬಿಡಿಯಲ್ಲಿ ಎರಡು ಸಲ ಹಾಕಲಿಲ್ಲ ತಾನೇ, ಮಧ್ಯಾಹ್ನ ಅಮ್ಮ ಎಷ್ಟು ಉಂಡಳು, ಉಪ್ಪು ಕೇಳಿದ್ದು ನೆನಪಿದೆ, ಉಂಡದ್ದು ನೆನಪಿಲ್ಲ. ಅವಳ ಅಂಗೈ ಬಾಗಿಲ ಮೇಲೆ ತಾನಾಗಿ ಹೋಗಿ ಅಂಟಿಕೊಂಡಿತು. ಇಬ್ಬರೂ ಉಸಿರು ಹಿಡಿದು ಕೇಳಿದರು.

"ಯಾರದು?"

ಅಕ್ಕನ ಮನೆಯ ಸೋಫಾದ ಹಿಂದಿನಿಂದ ಈ ದನಿ ಒಮ್ಮೆಯೂ ಬಂದದ್ದಿಲ್ಲ. ಯಾರೆಂದು ಹೇಳುವವರೆಗೆ ಏಳುವುದಿಲ್ಲ ಎನ್ನುವ, ನಿದ್ದೆ ಕೆಟ್ಟದ್ದಕ್ಕೆ ಸ್ವಲ್ಪ ಮುನಿಸಿಕೊಂಡ ದನಿ. ಅಕ್ಕನ ಕೈ ತಟ್ಟಲೆಂದು ಎತ್ತಿದ್ದು ಗಾಳಿಯಲ್ಲೇ ನಿಂತಿತು, ಆಮೇಲೆ ಇಳಿಯಿತು. ಅವಳು ತಂಗಿಯ ಕಡೆ ನೋಡಲಿಲ್ಲ. ಬಾಗಿಲಿನ ಹತ್ತಿರ ಬಾಯಿ ತಂದು ಹೇಳಿದಳು.

"ನಾನಮ್ಮ. ಹಾಗೇ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಇರು, ತೆಗೀತೀನಿ" ಎಂದಳು ಅಮ್ಮ. ಏಳುವ ಅವಸರವೇನೂ ಕೇಳಿಸಲಿಲ್ಲ. ಅಕ್ಕ ತಂಗಿ ಇಬ್ಬರೂ ಹೊರಗೆ ಕಾಯುತ್ತ ನಿಂತರು.